ಮಾವ ಒಲ್ಲೆನೆಂದ ಮದುವೆ

ಹುಣಸೆಬೀಜ ಹುರಿದು, ಕುಟ್ಟಿ, ಬೇಯಿಸಿದ ಸರಿಯ, ಅಂದರೆ ನೂಲಿಗೆ ಬಳಿಯುವ ಅಂಟುಗಂಜಿಯ ವಾಸನೆ ನಿಮಗೆ ಗೊತ್ತೋ ಇಲ್ಲವೋ, ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಅರೆಸುಟ್ಟ ಬೀಜದ ಘಮ, ಅದರೊಳಗೆ ಒದ್ದೆ ಉಣ್ಣೆಯ ಕಮಟು. ಮೊನ್ನೆ ಪಕ್ಕದ ಮನೆಯ ಮಕ್ಕಳು ಹುಣಸೆಬೀಜ ಹುರಿಯುತ್ತಿದ್ದರು. ನಾನು ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಕಿಟಕಿಯ ಬಳಿ ನಿಂತುಬಿಟ್ಟೆ. ಕಳ್ಳಂಬೆಳ್ಳದ ಹತ್ತಿರ ಇದ್ದ ನಮ್ಮಜ್ಜನ ಮಣ್ಣಿನ ಮನೆ, ಪಡಸಾಲೆಯಲ್ಲಿ ಅವನು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಮಗ್ಗ, ಅಂಗಳದ ಉದ್ದಕ್ಕೂ ಎಳೆದು ಕಟ್ಟಿದ ಕರಿನೂಲಿಗೆ ಸರಿ ಬಳಿಯುತ್ತಿದ್ದ ಅಜ್ಜಿ, ಎಲ್ಲ ಕಣ್ಣಮುಂದೆ ಬಂದವು. ರಜೆಗೆ ಬಂದ ಕರಿಯಣ್ಣ ಮಾವ ಪ್ಯಾಂಟು ಮೊಣಕಾಲಿಗೆ ಮಡಿಸಿಕೊಂಡು ಅಜ್ಜಿಗೆ ಸರಿಯ ಮಡಕೆ ಹಿಡಿದು ನಿಂತಿದ್ದ. ಆ ಮನೆ ಈಗಿಲ್ಲ, ಕುಣಿಗೆ ಯಾರೋ ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದಿದ್ದಾರೆ.

ಮಾವ ನಮ್ಮವ್ವನ ಒಬ್ಬನೇ ತಮ್ಮ. ನಾನು ಕಂಕುಳ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡು, ಇನ್ನೂ ಇಪ್ಪತ್ತು ತುಂಬದ ಅವ್ವ ನನ್ನನ್ನೆತ್ತಿಕೊಂಡು ತವರಿಗೆ ಬಂದಿದ್ದಳು. ಆಗಿನ್ನೂ ಕುರಿ ಹಿಂದೆ ತಿರುಗುತ್ತಿದ್ದ ಮಾವ ಮುಂದೆ ಮಿಲಿಟರಿ ಸೇರಿದ, ಕೆಲವೇ ವರ್ಷದಲ್ಲಿ ಟ್ಯಾಂಕಿನ ಕಮಾಂಡರ್ ಆದ. ಟ್ಯಾಂಕು ಅಂದರೆ ನಮಗೇನು ಗೊತ್ತು? ಒಂದು ದಿನ ಅಜ್ಜನನ್ನು ಎಬ್ಬಿಸಿ, ತಾನೇ ಮಗ್ಗದ ಕುಣಿಯೊಳಗೆ ಇಳಿದು, ತಲೆಯಷ್ಟೇ ಹೊರಗೆ ಕಾಣುವಂತೆ ಕುಕ್ಕರಿಸಿ ತೋರಿಸಿದ. ಓಡಿಸುವವನು, ಗುಂಡು ತುಂಬುವವನು, ಹಾರಿಸುವವನು ಮೂವರೂ ಒಳಗೆ. ಕಮಾಂಡರ್ ಮಾತ್ರ ಹೀಗೆ. ಅಜ್ಜಿಗೆ ಸಿಟ್ಟು ಬಂತು. “ನಿನ್ ತಲೆನೂ ಒಳಿಕ್ಕೆ ಇಟ್ಕೊಂಡ್ರೆ ಏನ್ಲಾ ಗಂಟು ಹೋಗದು?” ಮಾವ ನಕ್ಕ. “ಒಬ್ರಾದ್ರೂ ಮುಂದೆ ಏನೈತೆ ಅಂತ ನೋಡ್ಬೇಕಲ್ಲವ್ವ. ಕುರಿ ಮಂದೇಲೂ ಅಂಗೇ ತಾನೆ?” ಅಜ್ಜಿ ಗೊಣಗುತ್ತಲೇ ಅವನ ತಲೆಗೆ ಹರಳೆಣ್ಣೆ ಒತ್ತಿದಳು.

ಅಕ್ಕನ ಮಗಳು ತಮ್ಮನಿಗೇ ಎಂಬುದು ನಮ್ಮ ಕಡೆ ಹುಟ್ಟಿನೊಂದಿಗೇ ಆದ ಮಾತು. ನಾನು ನಡೆಯಲು ಕಲಿಯುವ ಮುಂಚೆಯೇ ಊರಿನವರೆಲ್ಲ ನನ್ನನ್ನು ಮಾವನ ಹೆಂಡತಿ ಮಾಡಿಯಾಗಿತ್ತು. ಏಳನೆಯ ತರಗತಿ ಮುಗಿಸಿದ ಹುಡುಗಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಸುಳ್ಳೇಕೆ, ಮಾವ ಬರುತ್ತಾನೆಂದರೆ ಕನ್ನಡಿ ಮುಂದೆ ಎರಡೆರಡು ಸಲ ಜಡೆ ಹಾಕಿಕೊಳ್ಳುತ್ತಿದ್ದೆ. ಆ ವರ್ಷ ಅವನು ರಜೆಗೆ ಬಂದಾಗ ಯುದ್ಧದ ಮಾತು ಎದ್ದಿತ್ತು. ಅವನು ಹೊರಡುವ ಮುಂಚೆಯೇ ತಾಳಿ ಕಟ್ಟಿಸಿಬಿಡಬೇಕೆಂದು ಅವ್ವ ಹಟ ಹಿಡಿದಳು. ಅವಳಿಗಿದ್ದದ್ದು ಒಂದೇ ಆಸೆ, ಮಗಳು ಬೇರೆಯವರ ಬಾಗಿಲಿಗೆ ಹೋಗದೆ ತನ್ನ ಕಣ್ಣೆದುರೇ ಬಾಳಲಿ ಎಂಬುದು. ಹಿರಿಯರು ಬಂದರು, ಕಂಬಳಿ ಹಾಸಿ ಎಲೆ ಅಡಿಕೆ ಇಟ್ಟರು, ನನಗೆ ಹಸಿರು ಸೀರೆ ಸುತ್ತಿದರು.

ಮಾವ ಕಂಬಳಿಯ ಮೇಲೆ ಕೂರಲಿಲ್ಲ. ಎಲ್ಲರಿಗೂ ಕೈಮುಗಿದು, “ನಂಗೆ ಈ ಮದ್ವೆ ಬ್ಯಾಡ” ಎಂದ. ಅಜ್ಜ ತಲೆ ತಗ್ಗಿಸಿದ. ಹಿರಿಯರು ಎಲೆ ಮುಟ್ಟದೆ ಎದ್ದುಹೋದರು. ಅವ್ವ ಅವನನ್ನು ಅಟ್ಟಿಸಿಕೊಂಡು ಹಿತ್ತಿಲಿಗೆ ಹೋದಳು. “ಗಂಡನ್ನ ಕಳ್ಕೊಂಡೋಳ ಮಗಳು ಅಂತ ಬ್ಯಾಡ್ವೇನ್ಲಾ ನಿಂಗೆ?” ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವ ಅವಳತ್ತ ತಿರುಗಿ ನಿಂತ. “ನಿನ್ನ ನೋಡಿದ್ದೀನಲ್ಲಕ್ಕ, ಅಷ್ಟು ಸಾಕು. ನಾನು ಹೋಗ್ತಿರೋದು ಎಂಥ ಜಾಗಕ್ಕೆ ಅಂತ ನಂಗೊತ್ತು. ಈ ಮನೇಲಿ ಇನ್ನೊಬ್ಳು ನಿನ್ನಂಗೆ ಮೂಲೇಲಿ ಕೂರೋದು ಬ್ಯಾಡ.” ಅವ್ವ ಸೋಲಲಿಲ್ಲ. ಅವನು ಹೊರಡುವವರೆಗೂ ಅವನ ತಟ್ಟೆಗೆ ಮುದ್ದೆ ಹಾಕಿದಳೇ ಹೊರತು ಮಾತು ಹಾಕಲಿಲ್ಲ.

ನನಗೂ ಅವಮಾನವಾಗಿತ್ತು. ಮಾರನೆಯ ದಿನ ಸರಿಯ ಮಡಕೆ ತೊಳೆಯುತ್ತ ಕೇಳಿಯೇಬಿಟ್ಟೆ, “ನಾನು ಚೆನ್ನಾಗಿಲ್ವಾ ಮಾವ?” ಅವನು ನನ್ನ ಜಡೆ ಎಳೆದ. “ಲೇ ಸಿದ್ದಿ, ನೀನು ಚೆನ್ನಾಗಿದ್ದೀಯ ಕಣೇ. ಇನ್ನೂ ಚೆನ್ನಾಗಿರು ಅಂತ್ಲೇ ಹೇಳ್ತಿರೋದು. ನಡಿ, ಇಸ್ಕೂಲಿಗೆ ಸೇರಿಸ್ತೀನಿ.” ನನ್ನನ್ನು ಬಸ್ಸು ಹತ್ತಿಸಿ ಶಿರಾಕ್ಕೆ ಕರೆದುಕೊಂಡು ಹೋಗಿ, ಹೈಸ್ಕೂಲಿಗೆ ಹೆಸರು ಬರೆಸಿ, ಹಾಸ್ಟೆಲಿಗೆ ಬಿಟ್ಟು, ಕೈಗೊಂದು ಪೊಟ್ಟಣ ಬತ್ತಾಸು ಕೊಟ್ಟು ಹೋದ. ಆ ಓದೇ ನನ್ನನ್ನು ಮೇಡಂ ಮಾಡಿತು. ಮಧುಗಿರಿ, ಕೊರಟಗೆರೆ, ಪಾವಗಡದ ಶಾಲೆಗಳಲ್ಲಿ ಪಾಠ ಹೇಳಿದೆ, ಮೆಚ್ಚಿದವನನ್ನು ಮದುವೆಯಾದೆ, ಮಕ್ಕಳನ್ನು ಕಂಡೆ. ಪಾವಗಡದಲ್ಲಿ ತೆಲುಗಿನಲ್ಲಿ ಬೈಸಿಕೊಂಡದ್ದೂ ಸೇರಿ ನನ್ನ ಬದುಕಿನ ಒಂದೊಂದು ದಿನಕ್ಕೂ ನಾನು ಆ ಮನುಷ್ಯನಿಗೆ ಋಣಿ.

ಮಾವ ನನ್ನನ್ನು ಹಾಸ್ಟೆಲಿಗೆ ಬಿಟ್ಟುಹೋದ ವರ್ಷವೇ, ಚಳಿಗಾಲದಲ್ಲಿ, ಯುದ್ಧದಿಂದ ಸುದ್ದಿ ಬಂತು. ತಲೆ ಹೊರಗಿಟ್ಟು ದಾರಿ ನೋಡುತ್ತಿದ್ದಾಗ ಗುಂಡು ತಾಗಿತಂತೆ, ಒಳಗಿದ್ದ ಮೂವರು ಉಳಿದರಂತೆ. ದೇಹ ಬರಲಿಲ್ಲ, ಪೆಟ್ಟಿಗೆಯಲ್ಲಿ ಬಟ್ಟೆಬರೆ ಬಂತು. ಹಾಸ್ಟೆಲಿನಿಂದ ಓಡಿಬಂದ ನಾನು ಆ ಪೆಟ್ಟಿಗೆಯ ಮುಂದೆ ನೆಲಕ್ಕೆ ಕೈ ಬಡಿದು ಬಡಿದು ಅತ್ತೆ. ಕೈಯಲ್ಲಿದ್ದ ಗಾಜಿನ ಬಳೆಗಳೆಲ್ಲ ಚೂರಾದವು. ಅವ್ವ ಅಳುವುದನ್ನೇ ನಿಲ್ಲಿಸಿ ನನ್ನ ಬರಿಗೈಗಳನ್ನು ನೋಡುತ್ತ ಕುಳಿತಳು. ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಬಳೆಗಾರನ ಕೂಗು ಕೇಳಿತು. ಗಂಡ ಸತ್ತ ದಿನದಿಂದ ಬಳೆಗಾರನ ಮುಖ ನೋಡದಿದ್ದ ಅವ್ವ ಎದ್ದುಹೋಗಿ ಅವನನ್ನು ಒಳಗೆ ಕರೆದಳು. ನೆಂಟರ ಮುದುಕಿಯೊಬ್ಬಳು ಹೌಹಾರಿದಳು, “ಸೂತಕದ ಮನೇಲಿ ಬಳೆ ತೊಡಿಸ್ತಾರೇನಮ್ಮ?” ಅವ್ವ ನನ್ನ ಎರಡೂ ಮುಂಗೈ ಹಿಡಿದು ಬಳೆಗಾರನ ಮುಂದಿಟ್ಟಳು. “ನನ್ ತಮ್ಮ ಉಳಿಸ್ಕೊಟ್ಟಿರೋ ಕೈ ಕಣಜ್ಜಿ ಇವು. ಒಂದ್ ಗಳಿಗೆನೂ ಬರಿದಾಗಿರಬಾರ್ದು. ತೊಡಿಸಪ್ಪ, ಕೈತುಂಬ ತೊಡ್ಸು.” ಬಳೆಗಾರ ಒಂದೊಂದಾಗಿ ಹಸಿರು ಬಳೆ ಏರಿಸಿದ. ಅವ್ವ ಅವನ್ನು ಸವರಿ ನೋಡಿ, ಆಮೇಲೆ ಪೆಟ್ಟಿಗೆಯ ಮೇಲೆ ತಲೆಯಿಟ್ಟು, ತಾನು ಮಾತು ಬಿಟ್ಟಿದ್ದ ತಮ್ಮನ ಹೆಸರು ಹಿಡಿದು ಕರೆದಳು.