ಎದುರಾಳಿಗಳನ್ನೂ ಬೆಳೆಸಿದ ಪಿ.ಟಿ. ಮೇಡಂ

ಸಿರುಗುಪ್ಪದ ನಮ್ಮ ಹೈಸ್ಕೂಲಿನಲ್ಲಿ ರಗ್ಬಿ ಕಲಿಸಿದವರು ಪಿ.ಟಿ. ಮೇಡಂ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ತೊಟ್ಟು ನಮ್ಮೊಂದಿಗೇ ಓಡುತ್ತಿದ್ದರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಬಾರದೆಂಬ ನಿಯಮ ನಮಗೆ ವಿಚಿತ್ರವೆನಿಸುತ್ತಿತ್ತು. "ಹಿಂದಿನಾಕಿ ಕೈಯಾಗ ಕೊಡ್ರಿ, ಆಟ ತಾನ ಮುಂದ ಹೋಗ್ತೈತಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಜಿಲ್ಲೆಯಲ್ಲಿ ಆಗ ಹುಡುಗಿಯರ ತಂಡವೆಂದರೆ ನಮ್ಮದೊಂದೇ. ಇನ್ನೊಂದು ತಂಡವಿಲ್ಲದೆ ಪಂದ್ಯವಿಲ್ಲ, ಪಂದ್ಯವಿಲ್ಲದೆ ಜಿಲ್ಲಾ ಆಯ್ಕೆಯಿಲ್ಲ. ಮೇಡಂ ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ ಅಲ್ಲಿನ ಹುಡುಗಿಯರಿಗೂ ಕಲಿಸತೊಡಗಿದರು. ಬಳ್ಳಾರಿಯ ಬ್ರೂಸ್‌ಪೇಟೆಯ ವ್ಯಾಪಾರಿಯೊಬ್ಬರು ನಮಗೆ ಕೊಡಿಸಿದ್ದ ಹೊಸ ಚೆಂಡನ್ನೂ ಆ ಹುಡುಗಿಯರಿಗೇ ಕೊಟ್ಟರು.

"ನಮ್ಮನ್ನ ಸೋಲಸಾಕ ನೀವಾ ಕಲಸ್ತೀರೇನ್ರಿ ಮೇಡಂ?" ಎಂದು ಸಿಟ್ಟಿನಿಂದ ಕೇಳಿದೆ.

"ಹೌದವ್ವಾ. ಸೋಲಸೋರು ಇಲ್ಲಂದ್ರ ನೀವು ಬೆಳೆಯೋದು ಹೆಂಗ?" ಎಂದು ನಕ್ಕರು.

ಬಳ್ಳಾರಿಯ ಮೈದಾನದಲ್ಲಿ ನಡೆದ ಆಯ್ಕೆ ಪಂದ್ಯದಲ್ಲಿ ಕುರುಗೋಡಿನವರು ನಮ್ಮನ್ನು ನಿಜಕ್ಕೂ ಸೋಲಿಸಿದರು. ಅವರ ನಾಯಕಿ ನನ್ನನ್ನು ಎರಡು ಸಲ ಕೆಡವಿದ್ದಳು. ನಾನು ಅಳುತ್ತ ಕೂತಿದ್ದಾಗಲೇ ಆಯ್ಕೆಗಾರರು ಜಿಲ್ಲಾ ತಂಡದ ಪಟ್ಟಿ ಓದಿದರು. ಎರಡೂ ಊರಿನಿಂದ ಆರಾರು ಮಂದಿ. ನಾನೂ ಇದ್ದೆ, ಅವಳೂ ಇದ್ದಳು.

ರಾಜ್ಯಮಟ್ಟದ ಫೈನಲ್ಲಿನ ಕೊನೆಯ ನಿಮಿಷದಲ್ಲಿ ಅಂಕಗಳು ಸಮವಾಗಿದ್ದವು. ಇಬ್ಬರು ಎದುರಾಳಿಗಳು ಮೈಮೇಲೆ ಬೀಳುತ್ತಿದ್ದಂತೆ ಆ ಕುರುಗೋಡಿನ ಹುಡುಗಿ "ತಗೋಳಲೇ!" ಎಂದು ಕೂಗಿ ಚೆಂಡನ್ನು ಹಿಂದಿದ್ದ ನನ್ನತ್ತ ಎಸೆದಳು. ನಾನು ಹಿಡಿದು ಓಡಿದೆ, ಎದುರಾಳಿಗಳ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸಿದೆ. ಸೀಟಿ ಮೊಳಗಿತು, ಗೆದ್ದಿದ್ದೆವು. ತಲೆಯೆತ್ತಿ ನೋಡಿದರೆ, ಮೇಡಂ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಕಡೆಗೆ ಓಡಿ ಬರುತ್ತಿದ್ದರು.