ಮಡಿಯಲ್ಲಿದ್ದ ಮುಚ್ಚಳ

ಹಣೆಯಲ್ಲಿ ಅಂಗಾರ-ಅಕ್ಷತೆ, ಉಗುರಿನ ಸಂದಿಯಲ್ಲಿ ಒಣಗಿದ ರೆಸಿನ್. ನಮ್ಮ ಮೇಲಿನ ಮನೆಯ ಮಾಮಾ ಊಟದೆಲೆಯ ಮುಂದೆ ಕೂತಾಗಲೂ ಆ ಅಂಟನ್ನು ಚಿವುಟುತ್ತಲೇ ಇರುತ್ತಿದ್ದರು. ಬಂದರಿನಲ್ಲಿ ದೋಣಿ ರಿಪೇರಿ ನೋಡಿಕೊಂಡು ನಿವೃತ್ತರಾದವರು. ಕೈ ಮಾತ್ರ ನಿವೃತ್ತಿಗೆ ಒಪ್ಪಿರಲಿಲ್ಲ.

ವೇಲಚೇರಿಯಲ್ಲಿ ಮಳೆ ಹಿಡಿದರೆ ನಮ್ಮ ಬೀದಿ ಮುಳುಗುತ್ತದೆ. ಅಪ್ಪನಿಗೋ ಡಯಾಲಿಸಿಸ್, ತಪ್ಪಿಸುವಂತಿಲ್ಲ. ಅದಕ್ಕೇ ಮಾಮಾ ಫ್ಲಾಟಿನವರನ್ನೆಲ್ಲ ಒಪ್ಪಿಸಿ ಎಲ್ಲರಿಗೂ ಸೇರಿ ಒಂದು ಹಳೇ ಫೈಬರ್ ದೋಣಿ ತರಿಸಿದರು. ಅದರ ಮುಂಭಾಗದಲ್ಲೊಂದು ಮುಚ್ಚಿದ ಗೂಡು. ಗೂಡಿನ ಮುಚ್ಚಳ ಬಿರಿದಿತ್ತು. ಅಲ್ಲಿ ನೀರು ನುಗ್ಗಿದರೆ ದೋಣಿ ಮುಗ್ಗರಿಸುವುದು ಖಂಡಿತ.

"ಪುಟ್ಟಿ ಮೆತ್ತಿ ಬಣ್ಣ ಹೊಡೆದ್ರೆ ಸಾಕು ಸಾರ್" ಎಂದರು ಫ್ಲಾಟಿನ ಸೆಕ್ರೆಟರಿ. ಮಾಮಾ ಚಮಚದಿಂದ ಮುಚ್ಚಳವನ್ನು ಬಡಿಯುತ್ತಾ ಹೋದರು. ಟೊಳ್ಳಾಗಿ ದಬದಬ ಎಂದಲ್ಲೆಲ್ಲ ಮೇಲಿನ ಹೊಳಪಿನ ಜೆಲ್‌ಕೋಟನ್ನೂ ಒಳಗಿನ ಕೊಳೆತ ಫೈಬರನ್ನೂ ಉಜ್ಜಿ ತೆಗೆದು, ಒರೆಸಿ, ಮರುದಿನ ಹೊಸ ಪದರ ಹಾಕಲೆಂದು ಬಿಟ್ಟರು.

ಮರುದಿನ ಆಯುಧಪೂಜೆ. ಅಮ್ಮ ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ಬಂದು, ದೋಣಿಗೂ ಪೂಜೆಯಾಗಲಿ ಎಂದು ಆ ಮುಚ್ಚಳದ ನಟ್ಟನಡುವೆ ಗಂಧ, ಕುಂಕುಮ ಹಚ್ಚಿಬಿಟ್ಟರು!

ಮಾಮಾ ಬಂದು ನೋಡಿದರು. ಬೈಯಲಿಲ್ಲ, ಕುಂಕುಮಕ್ಕೆ ಕೈಮುಗಿದರು.

"ಎಣ್ಣೆ ಕೈ ಸೋಕಿದ್ರೆ ರೆಸಿನ್ ಹಿಡಿಯಲ್ಲಮ್ಮಾ. ಪರ್ವಾಗಿಲ್ಲ, ಇನ್ನೊಂದ್ಸಲ ಉಜ್ತೀನಿ."

ಅಮ್ಮನ ಮುಖ ಸಣ್ಣದಾಯಿತು. "ಇದು ಮಡೀಲಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ರಾಯರೇ? ಹತ್ರಾನೂ ಬರ್ತಿರ್ಲಿಲ್ಲ ನಾನು."

ಆಮೇಲೆ ಶುರುವಾಯಿತು ನೋಡಿ ಅಮ್ಮನ ಕಾವಲು! ಮಾಮಾ ಮತ್ತೆ ಉಜ್ಜಿ ಒರೆಸಿ, ರೆಸಿನ್‌ನಲ್ಲಿ ಅದ್ದಿದ ಫೈಬರ್ ಪದರಗಳನ್ನು ಕೂರಿಸಿ, ಮೇಲೆ ಹೊಸ ಜೆಲ್‌ಕೋಟ್ ಬಳಿದು, ಅದು ಗಟ್ಟಿಯಾಗುವವರೆಗೂ ಅಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೆಕ್ರೆಟರಿ ಬೆರಳು ಚಾಚಿದರೆ "ತೊಡಾದೀಂಗೋ!" ಎಂದು, ಮುಟ್ಟಬೇಡಿ ಅಂತ ತಮಿಳಿನಲ್ಲೇ ಗದರುತ್ತಿದ್ದರು. ಮಾಮಾ ಮೀಸೆಯಲ್ಲೇ ನಗುತ್ತಿದ್ದರು.

ಆ ವರ್ಷ ನೀರು ಸೊಂಟದವರೆಗೆ ಬಂತು. ಅಪ್ಪ, ಅಮ್ಮ ದೋಣಿಯಲ್ಲಿ ಕೂತರು. ಮಾಮಾ ನೀರಿಗಿಳಿದು ಹಗ್ಗ ಹಿಡಿದು ಎಳೆದರು, ಹಿಂದಿನಿಂದ ತಳ್ಳಿದ್ದು ನಾನು. ಬಸ್ಸೊಂದು ಎಬ್ಬಿಸಿದ ಅಲೆ ಮುಚ್ಚಳದ ಮೇಲೆಲ್ಲ ಹರಿದಾಗ ಅಮ್ಮ ಕಣ್ಣು ಮುಚ್ಚಿಕೊಂಡರು. ಮೇಡಿನಲ್ಲಿ ನಿಂತಿದ್ದ ಆಂಬುಲೆನ್ಸಿಗೆ ಅಪ್ಪನನ್ನು ಹತ್ತಿಸಿದ ಮೇಲೆ ಮಾಮಾ ಕೈಯನ್ನೂ ಮುಚ್ಚಳವನ್ನೂ ಒರೆಸಿ, ಮುಚ್ಚಳ ತೆಗೆದು, ಗೂಡಿನೊಳಗೆಲ್ಲ ಕೈಯಾಡಿಸಿ, ಒಣ ಅಂಗೈಯನ್ನು ಅಮ್ಮನಿಗೆ ತೋರಿಸಿದರು.

"ಮಡಿ ಕೆಟ್ಟಿಲ್ಲಮ್ಮಾ!"

ಈ ವರ್ಷ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಮಾಮಾ ತೀರಿಕೊಂಡರು. ಅವರ ಋಣ ತೀರಿಸುವ ದಾರಿ ನಮಗಂತೂ ಗೊತ್ತಿಲ್ಲ. ಆಯುಧಪೂಜೆಯ ದಿನ ಅಮ್ಮ ಸೋಪಿನಲ್ಲಿ ಕೈ ತೊಳೆದು, ಒಣಬಟ್ಟೆಯಲ್ಲಿ ಒರೆಸಿಕೊಂಡು ಮುಚ್ಚಳಕ್ಕೆ ಕುಂಕುಮವಿಟ್ಟರು. ಆರತಿ ತಟ್ಟೆ ಹಿಡಿದುಕೊಂಡು ಅಪ್ಪ ಪಕ್ಕದಲ್ಲೇ ನಿಂತಿದ್ದರು.