ಕೊಯ್ಯದೆ ಉಳಿದ ಟೈರು

ನನ್ನ ಹೆಂಡತಿಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಜನ ಹೇಳುತ್ತಾರೆ. ತಪ್ಪು. ಅದು ಅವಳ ಬಲಗೈಯಲ್ಲಿದೆ. ಮೂವತ್ತು ವರ್ಷ ಆ ಕೈಯ ಪಕ್ಕದಲ್ಲೇ ಉಂಡು ಮಲಗಿದವನು ಹೇಳುತ್ತಿದ್ದೇನೆ, ನಂಬಿ. ಬೀದಿಯವರು ಅವಳನ್ನು ಚೂರಿಯಕ್ಕ ಎನ್ನುತ್ತಾರೆ, ನನ್ನನ್ನು ಚೂರಿಯಕ್ಕನ ಗಂಡ ಎನ್ನುತ್ತಾರೆ. ಅಂಗಡಿ ನನ್ನದು, ಬೋರ್ಡು ನಮ್ಮಪ್ಪ ಬರೆಸಿದ್ದು. ಆದರೂ ಹಾಗೇ.

ನಮ್ಮದು ಟೈರಂಗಡಿ. ಕಬ್ಬಿಣದ ಶಟರ್, ಒಳಗೆ ಒಂದು ಕಂಪ್ರೆಸರ್, ಟೈರು ಬಿಚ್ಚುವ ಯಂತ್ರ, ಸೋಪಿನ ನೀರಿನ ಬಕೆಟ್, ಹಿತ್ತಲಲ್ಲಿ ಸತ್ತ ಟೈರುಗಳ ರಾಶಿ. ಬಿಚ್ಚುವುದು, ಹಾಕುವುದು, ಗಾಳಿ ತುಂಬುವುದು ನನ್ನ ಕೆಲಸ. ಯಾವ ಟೈರು ಬದುಕಿದೆ, ಯಾವುದು ಸತ್ತಿದೆ ಎಂದು ಹೇಳುವುದು ಅವಳ ಕೆಲಸ.

ಆ ಕೆಲಸ ಅವಳ ಪಾಲಿಗೆ ಬಂದದ್ದು ಮದುವೆಯಾದ ಮೂರನೆಯ ತಿಂಗಳಲ್ಲಿ. ಹಳೆಯ ಟೈರಿಗೆ ಕಪ್ಪು ಪಾಲಿಶ್ ಬಳಿದು ಮಾರುವುದರಲ್ಲಿ ನಮ್ಮಪ್ಪನದು ಎತ್ತಿದ ಕೈ. ಒಂದು ಮಧ್ಯಾಹ್ನ ತಾವೇ ಪಾಲಿಶ್ ಬಳಿದ ಲಾರಿ ಟೈರಿಗೆ ಗಾಳಿ ತುಂಬುತ್ತಾ ಅದರ ಮೇಲೆ ಬಗ್ಗಿ ನಿಂತಿದ್ದರು. ಟೈರಿನ ಪಕ್ಕ ಉದ್ದಕ್ಕೂ ಸೀಳಿತು. ಶಬ್ದ ಕೇಳಿ ನಾನು ಓಡಿ ಬಂದಾಗ ಅಪ್ಪನನ್ನು ಅಂಗಿಯಿಂದ ಗುರುತು ಹಿಡಿಯಬೇಕಾಯಿತು. ನಾನು ಬೀದಿಗೆ ಹೋಗಿ ವಾಂತಿ ಮಾಡಿದೆ. ಇಪ್ಪತ್ತರ ಹುಡುಗಿ, ಮನೆಗೆ ಬಂದು ಮೂರು ತಿಂಗಳಾದ ಸೊಸೆ, ಬಕೆಟ್ ತಂದು ಗೋಡೆ ತೊಳೆದಳು. ಏಣಿ ಹಾಕಿ ಮೇಲಿನ ತಗಡನ್ನೂ ತೊಳೆದಳು. ಆಮೇಲೆ ಆ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಿರುಗಿಸಿ ತಿರುಗಿಸಿ ನೋಡಿದಳು. ನೆಲಕ್ಕೆ ತಾಗುವ ಕಡೆ ಗೆರೆಗಳು ಬೆರಳಿನ ಉಗುರು ಮುಳುಗುವಷ್ಟು ಆಳ. ಪಕ್ಕದ ಪಾಲಿಶ್ ಒರೆಸಿದರೆ ತುಂಬಾ ಕೂದಲೆಳೆಯ ಬಿರುಕು.

"ಗೆರೆ ಹೊಸದರ ಹಾಗೇ ಇದೆಯಲ್ರೀ," ಅಂದಳು. "ಮತ್ತೆ ಯಾಕೆ ಸಿಡೀತು?"

ನನಗೆ ಗೊತ್ತಿರಲಿಲ್ಲ. ಅವಳು ಲಾರಿ ಮೆಕ್ಯಾನಿಕ್‌ಗಳನ್ನು ಕಾಡಿ ಬೇಡಿ ಕಲಿತಳು. ಟೈರಿನ ಪಕ್ಕದಲ್ಲಿ ಒಂದು ಕಡೆ ನಾಲ್ಕು ಅಂಕೆ ಒತ್ತಿರುತ್ತಾರೆ. ಮೊದಲಿನ ಎರಡು ಅದು ಹುಟ್ಟಿದ ವಾರ, ಕೊನೆಯ ಎರಡು ಹುಟ್ಟಿದ ವರ್ಷ. ಐದಾರು ವರ್ಷ ದಾಟಿದರೆ ಅನುಮಾನದಿಂದಲೇ ನೋಡಬೇಕು. ಹತ್ತು ದಾಟಿದರೆ ನೋಡುವುದಕ್ಕೆ ಏನೂ ಇಲ್ಲ, ಬಿಚ್ಚಿ ಎಸೆಯಬೇಕು. ಶೆಡ್ಡಿನಲ್ಲಿ ನಿಂತ ಕಾರಿನ ಟೈರಿಗೂ ವಯಸ್ಸಾಗುತ್ತದೆ. ಡಿಕ್ಕಿಯಲ್ಲಿ ಮಲಗಿದ ಸ್ಟೆಪ್ನಿಗೂ ವಯಸ್ಸಾಗುತ್ತದೆ, ಒಂದು ಸಲವೂ ನೆಲ ಮುಟ್ಟದೆ. ಇದನ್ನು ಜನರಿಗೆ ಹೇಳಿ ನೋಡಿ. ಗೆರೆಯೊಳಗೆ ಬೆರಳಿಟ್ಟು, "ಇನ್ನೂ ಎಷ್ಟಿದೆ ನೋಡಮ್ಮ" ಅನ್ನುತ್ತಾರೆ. ತಲೆಯೊಳಗೆ ಏನಿದೆ ಎಂದು ಬೆರಳಿಟ್ಟು ನೋಡುವ ಹಾಗಿದ್ದರೆ ಚೆನ್ನಾಗಿತ್ತು.

ಅವಳು ವಾದ ಮಾಡುವುದನ್ನು ಬೇಗ ಬಿಟ್ಟಳು. ಸತ್ತ ಟೈರು ಬಿಚ್ಚಿದ ಕೂಡಲೇ ಚೂರಿಯನ್ನು ಸೋಪಿನ ನೀರಿಗೆ ಅದ್ದಿ, ಪಕ್ಕಕ್ಕೆ ಚುಚ್ಚಿ, ಒಂದು ಮೊಳ ಎಳೆಯುತ್ತಿದ್ದಳು. ಒಣ ಚೂರಿ ರಬ್ಬರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಒದ್ದೆ ಚೂರಿ ಸರಾಗವಾಗಿ ಹೋಗುತ್ತದೆ. ಕೊಯ್ದ ಮೇಲೆ ಅದನ್ನು ಯಾವನೂ ಬಳಿದು ಮಾರಲಾರ. ಗಿರಾಕಿ ಒಪ್ಪಿದರೂ ಅಷ್ಟೆ, ಒಪ್ಪದಿದ್ದರೂ ಅಷ್ಟೆ. ಬೈದವರಿದ್ದಾರೆ, ಕೈ ಮಾಡಿದವರಿದ್ದಾರೆ. ಒಬ್ಬ ಟ್ಯಾಕ್ಸಿಯವನು ಅವಳ ಜಡೆ ಹಿಡಿದು ತಲೆಯನ್ನು ಶಟರ್‌ಗೆ ಗುದ್ದಿಸಿದ. ಅವಳು ಎದ್ದು, ಹಣೆಯ ರಕ್ತ ಒರೆಸಿಕೊಂಡು, ಅವನ ಇನ್ನೂ ಮೂರು ಟೈರು ಕೊಯ್ದು, ಆಮೇಲೆ ಟೈರು ಕೀಳುವ ಕಬ್ಬಿಣದ ಲಿವರ್ ಎತ್ತಿ ಅವನ ಮೊಣಕಾಲು ಮುರಿದಳು. ಅದೇ ಕ್ರಮದಲ್ಲಿ. ಅವಳಿಗೆ ಕೆಲಸ ಮೊದಲು.

ನಾನು ಗಾಳಿ ತುಂಬುತ್ತಿದ್ದೆ. ಆ ನಾಲ್ಕು ಅಂಕೆ ಓದುವುದನ್ನು ನಾನು ಕಲಿಯಲೇ ಇಲ್ಲ. ಯಾಕೆ ಕಲಿಯಲಿ? ನಮ್ಮಲ್ಲಿ ಕೊಯ್ದದ್ದು ಸತ್ತದ್ದು, ಕೊಯ್ಯದೇ ಇರುವುದು ಬದುಕಿದ್ದು. ಕತ್ತಲಲ್ಲಿ ಕೈಯಾಡಿಸಿದರೂ ತಿಳಿಯುತ್ತಿತ್ತು.

ಹೋದ ವರ್ಷ ಒಬ್ಬ ರಿಟೈರಾದ ಅಧಿಕಾರಿ ದೊಡ್ಡ ಕಾರು ತಂದ. ತಿಂಗಳಿಗೊಮ್ಮೆ ಹೊರಗೆ ತೆಗೆಯುವ ಕಾರು. ನಾಲ್ಕೂ ಟೈರಿಗೆ ಹನ್ನೊಂದು ವರ್ಷ. ಹೇಗೋ ಒಪ್ಪಿದ, ನಾನು ಹೊಸದು ಹಾಕಿದೆ. ಇವಳು ಹಳೆಯದರಲ್ಲಿ ಮೂರನ್ನು ಕೊಯ್ದು ನಾಲ್ಕನೆಯದಕ್ಕೆ ಕೈ ಹಾಕುವಾಗ ಅವನು ಕಿರುಚಿದ.

"ಏಯ್, ಮುಟ್ಬೇಡ. ಅದು ನನ್ನ ಅಳಿಯನ ಕಾರಿಗೆ."

"ಅಳಿಯನ ಮೇಲೆ ಅಷ್ಟು ದ್ವೇಷ ಯಾಕೆ ಸಾರ್? ಮಗಳೂ ಅದೇ ಕಾರಲ್ಲಿ ಕೂರಲ್ವಾ?"

ಅವನು ಊರುಗೋಲಿನಿಂದ ಅವಳ ಕೆನ್ನೆಗೆ ಬೀಸಿದ. ಕಿವಿಯವರೆಗೂ ಚರ್ಮ ಬಿರಿಯಿತು. ಅವಳ ಕೈಯಲ್ಲಿ ಚೂರಿ ಇತ್ತು. ನಾನು ಹಿಂದಿನಿಂದ ತಬ್ಬಿ ಹಿಡಿದುಕೊಂಡೆ, ಮೂವತ್ತು ವರ್ಷದಲ್ಲಿ ನಾನು ತೋರಿಸಿದ ಶೌರ್ಯ ಅದೊಂದೇ. ಚೂರಿ ಬಿತ್ತು, ಬಕೆಟ್ ಉರುಳಿತು, ಅವಳು ತಲೆಯಿಂದಲೇ ಗುದ್ದಿ ಅವನ ಮೂಗು ಒಡೆದಳು. ಬೀದಿ ಪೂರಾ ಒಳಗೆ ನುಗ್ಗಿತು. ಆ ನೂಕುನುಗ್ಗಲಿನಲ್ಲಿ ನಾಲ್ಕನೆಯ ಟೈರು ಉರುಳಿ ಕಂಪ್ರೆಸರ್ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತಿತು. ಅದನ್ನು ಯಾರೂ ಗಮನಿಸಲಿಲ್ಲ.

ಅವಳಿಗೆ ಒಬ್ಬನೇ ತಮ್ಮ. ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಪ್ರಪಂಚದಲ್ಲಿ ಅವಳು ಹೊಡೆಯದೆ ಬಿಟ್ಟ ಒಬ್ಬನೇ ಮನುಷ್ಯ. ಬಾಡಿಗೆ ವ್ಯಾನು ಓಡಿಸುತ್ತಾನೆ. ಆ ಗಲಾಟೆಯಾಗಿ ಒಂದೂವರೆ ತಿಂಗಳಿಗೆ ಒಂದು ಸಂಜೆ ಬಂದ. ಮುಂದಿನ ಬಲ ಟೈರಿಗೆ ದೊಡ್ಡ ಮೊಳೆ ಹೊಕ್ಕು ಪಕ್ಕವೇ ಹರಿದಿತ್ತು. ಅಕ್ಕ ಅಂಗಡಿಯಲ್ಲಿ ಇರಲಿಲ್ಲ, ಪ್ಯಾಚ್ ತರಲು ಹೋಗಿದ್ದಳು. ಅವನಿಗೆ ಅವಸರ. ನಾನು ಹುಡುಕಿದೆ, ಕಂಪ್ರೆಸರ್ ಹಿಂದೆ ಸಿಕ್ಕಿತು. ಅಳತೆ ಅದೇ, ಗೆರೆ ಆಳ.

"ಅಕ್ಕ ನೋಡಿದ್ದಾಳಾ ಭಾವ?"

"ಕುಯ್ದಿಲ್ಲ ನೋಡು," ಅಂದೆ. "ನೋಡದೆ ಬಿಡ್ತಾಳಾ ಅವಳು?"

ಅವನು ನಕ್ಕ. ನಾನು ಗಾಳಿ ತುಂಬಿದೆ, ನಟ್ಟು ಬಿಗಿದೆ, ಚಕ್ರಕ್ಕೆ ಒಂದು ಏಟು ತಟ್ಟಿ ಕಳಿಸಿದೆ. ಅವಳು ಬಂದ ಮೇಲೆ ಹೇಳಲು ಮರೆತೆ.

ಮರುದಿನ ಹನ್ನೊಂದು ಗಂಟೆಗೆ ಹೆದ್ದಾರಿಯಲ್ಲಿ ಆ ಟೈರು ಸಿಡಿಯಿತು. ವ್ಯಾನು ಮೂರು ಪಲ್ಟಿ ಹೊಡೆಯಿತು. ಪುಣ್ಯಕ್ಕೆ ಒಳಗೆ ಬೇರೆ ಯಾರೂ ಇರಲಿಲ್ಲ. ಬಾಗಿಲು ಕಿತ್ತುಹೋಗಿ ಅವನ ಬಲಗಾಲು ಹೊರಗೆ ಚಾಚಿಕೊಂಡಿತು, ಅದರ ಮೇಲೆ ವ್ಯಾನು ಬಿತ್ತು. ಕಬ್ಬಿಣ ಕತ್ತರಿಸಿ ಅವನನ್ನು ಹೊರಗೆ ಎಳೆಯುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು.

ಯಾವ ಟೈರು ಎಂದು ನನಗೆ ಹೇಳಬೇಕಾಗಿರಲಿಲ್ಲ. ಅವಳು ಅಳಲಿಲ್ಲ. ನಜ್ಜುಗುಜ್ಜಾದ ವ್ಯಾನು ನಿಂತಲ್ಲಿಗೆ ಹೋದಳು, ಹರಿದ ರಬ್ಬರನ್ನು ಹೆಬ್ಬೆರಳಿನಿಂದ ಉಜ್ಜಿ ಅಂಕೆ ಓದಿದಳು, ಆ ತುಂಡನ್ನು ಕೊಯ್ದು ತೆಗೆದುಕೊಂಡಳು. ಮೂರನೆಯ ದಿನ ತಮ್ಮನಿಗೆ ಮಾತು ಬಂತು. ಅವಳು ತುಂಡನ್ನು ಅವನ ಮುಖದ ಹತ್ತಿರ ಹಿಡಿದಳು.

"ಹನ್ನೊಂದು ವರ್ಷದ್ದು ಕಣೋ ಇದು. ಯಾರು ಕೊಟ್ರು?"

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ.

"ಪಾಲಿಶ್," ಅಂದ.

ಪಾಲಿಶ್ ಎಂದರೆ ಊರಾಚೆ ಹಳೆ ಟೈರು ಮಾರುವವನು. ಎಲ್ಲಿಂದಲೋ ಹೆಕ್ಕಿ ತಂದು, ಕರಿ ಬಳಿದು ಹೊಸದರ ಪಕ್ಕ ಜೋಡಿಸಿಡುತ್ತಾನೆ. ಅವಳು ಹೊರಗೆ ನಡೆದಳು. ಬಾಮೈದ ನನ್ನ ಮಣಿಕಟ್ಟು ಹಿಡಿದ.

"ಸುಮ್ನಿರಿ ಭಾವ. ನಿಜ ಗೊತ್ತಾದ್ರೆ ನಿಮ್ಮನ್ನ ಹೂತು ಹಾಕ್ತಾಳೆ. ಅವನಿಗೆ ನಾಲ್ಕು ಬೈದು ಬರ್ತಾಳೆ, ಅಷ್ಟೆ. ಅವನೇನು ಸಾಚಾನಾ?"

ಕಾಲು ಕಳೆದುಕೊಂಡವನು ನನ್ನ ಜೀವ ಉಳಿಸಲು ಸುಳ್ಳು ಹೇಳಿದ್ದ. ನಾನು ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಸ್ವೀಕರಿಸಿದೆ. ಥೂ ನನ್ನ ಜನ್ಮಕ್ಕೆ.

ಸ್ಕೂಟರ್ ಅವಳು ಓಡಿಸಿದಳು, ನಾನು ಹಿಂದೆ ಕೂತೆ. ಹತ್ತು ನಿಮಿಷದ ದಾರಿ. ನಾನು ಕೊಟ್ಟದ್ದು ಎಂದು ಹೇಳಲು ಹತ್ತು ನಿಮಿಷ ಧಾರಾಳ. ಎರಡು ಸಲ ಬಾಯಿ ತೆರೆದೆ. ಒಂದು ಸಲ ಲಾರಿ ಹಾರ್ನ್ ಹೊಡೆಯಿತು ಎಂದು ಬಿಟ್ಟೆ. ಇನ್ನೊಂದು ಸಲ ಏನೂ ಅಡ್ಡ ಬರಲಿಲ್ಲ, ಸುಮ್ಮನೆ ಬಿಟ್ಟೆ. ಬೈಯುತ್ತಾಳೆ, ಅವನೂ ಬೈಯುತ್ತಾನೆ, ಸಂಜೆಗೆ ಮುಗಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಪಾಲಿಶ್ ತನ್ನ ಅಂಗಡಿಯ ಮುಂದೆ ಕೂತು ಬ್ರಶ್ ಆಡಿಸುತ್ತಿದ್ದ. ಅವಳು ಕರಿಯ ಡಬ್ಬವನ್ನು ಒದ್ದಳು. ಅದು ಅವನ ಮುಖಕ್ಕೆ ಚೆಲ್ಲಿತು. ಅವನು ಕಣ್ಣು ಒರೆಸಿಕೊಳ್ಳುವಾಗ ಕೈಯಲ್ಲಿದ್ದ ಟೈರಿನ ತುಂಡಿನಿಂದ ಬಾರಿಸಿದಳು. ಕಡಿದ ಅಂಚು ಅವನ ಹುಬ್ಬು ಸೀಳಿತು, ಕರಿಯ ಮೇಲೆ ರಕ್ತ ಇಳಿಯಿತು.

"ನನ್ನ ತಮ್ಮನಿಗೆ ಇದನ್ನ ಯಾವತ್ತು ಮಾರ್ದೆ?"

"ನಿನ್ನ ತಮ್ಮನ ಮುಖಾನೇ ನೋಡಿಲ್ಲ ನಾನು."

ಮತ್ತೆ ಬಾರಿಸಿದಳು. ಅವನೂ ಸುಮ್ಮನಿರಲಿಲ್ಲ, ಗಂಡಸು, ಗಟ್ಟಿಮುಟ್ಟಾದವನು. ವೀಲ್ ಸ್ಪ್ಯಾನರ್ ಎತ್ತಿ ಅವಳ ಭುಜಕ್ಕೆ ಕೊಟ್ಟ. ಮೂಳೆಯ ಶಬ್ದ ನನಗೆ ಕೇಳಿಸಿತು. ಅವಳ ಎಡಗೈ ಜೋತುಬಿತ್ತು. ಬಲಗೈ ಸಾಕಾಗಿತ್ತು. ತುಂಡನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಕುತ್ತಿಗೆ ಹಿಡಿದು ಒಳಗೆ ಎಳೆದೊಯ್ದು ಟೈರು ಬಿಚ್ಚುವ ಯಂತ್ರದ ಮೇಲೆ ಕೆಡವಿದಳು. ಆ ಯಂತ್ರದ ಪಕ್ಕದಲ್ಲಿ ಒಂದು ಕಬ್ಬಿಣದ ಹಲಗೆ ಇರುತ್ತದೆ. ಕಾಲಿನಿಂದ ಪೆಡಲ್ ಒತ್ತಿದರೆ ಗಾಳಿಯ ಬಲದಿಂದ ಅದು ಮುಚ್ಚಿಕೊಂಡು, ರಿಮ್ಮಿಗೆ ಕಚ್ಚಿದ ಟೈರನ್ನು ನೂಕಿ ಬಿಡಿಸುತ್ತದೆ. ಅವಳು ಅವನ ಬಲಗೈಯನ್ನು ಅದರ ಸಂದಿಗೆ ತುರುಕಿ, ಮೊಣಕಾಲನ್ನು ಅವನ ಎದೆಯ ಮೇಲೆ ಊರಿ, ಇನ್ನೊಂದು ಕಾಲನ್ನು ಪೆಡಲ್ ಮೇಲಿಟ್ಟಳು.

"ವಾಸನೆ ನೋಡು ಅಕ್ಕ," ಅಂತ ಅವನು ಬೇಡಿಕೊಂಡ. "ನಾನು ಬಳಿದಿದ್ರೆ ಅದನ್ನ ಮುಟ್ಟಿದ ಮೊದಲ ದಿನಾನೇ ಕರಿ ನಿನ್ನ ಕೈಗೆ ಅಂಟ್ತಿತ್ತು. ಆವತ್ತು ಅಂಟಿತ್ತಾ? ಅದರಲ್ಲಿ ಪಾಲಿಶ್ ಇಲ್ಲ. ಅದು ನನ್ನದಲ್ಲ."

ಅವನು ಹೇಳಿದ್ದು ನಿಜ. ನಿಜ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ. ಅವನು ನನ್ನ ಕಡೆ ನೋಡಿದ. "ನೀವಾದ್ರೂ ಹೇಳಿ ಅಣ್ಣ," ಅಂದ. ನಾನು ನೆಲ ನೋಡಿದೆ.

ಅವಳು ಪೆಡಲ್ ಒತ್ತಿದಳು.

ಆಮೇಲೆ ನಾನು ಹೇಳಿದೆ. ಆಮೇಲೆ. ಅವನ ಮೂರು ಬೆರಳು ಹೋದ ಮೇಲೆ, ಅವನ ಕೂಗು ತಗಡಿಗೆ ಬಡಿದು ವಾಪಸ್ಸು ಬಂದ ಮೇಲೆ.

"ನಾನು ಕೊಟ್ಟಿದ್ದು ಕಣೇ."

ಅವಳ ಕಾಲು ಪೆಡಲ್‌ನಿಂದ ಎದ್ದಿತು. "ಏನಂದ್ರಿ?"

"ಕಂಪ್ರೆಸರ್ ಹಿಂದೆ ಇತ್ತು. ನೀನು ಕುಯ್ದಿರಲಿಲ್ಲ. ಅದಕ್ಕೆ ಚೆನ್ನಾಗಿದೆ ಅಂದ್ಕೊಂಡೆ."

ಅವಳು ಸೊಂಟದಲ್ಲಿದ್ದ ತುಂಡನ್ನು ತೆಗೆದು ನೋಡಿದಳು. ಊರುಗೋಲು ಬೀಸಿದವನು, ಒಡೆದ ಮೂಗು, ಕೊಯ್ದ ಮೂರು ಟೈರು, ಎಲ್ಲ ಅವಳ ಮುಖದ ಮೇಲೆ ಹಾದು ಹೋದದ್ದು ನನಗೆ ಕಾಣಿಸಿತು. ಆಮೇಲೆ ಲಿವರ್ ಎತ್ತಿಕೊಂಡು ನನ್ನ ಕಡೆ ಬಂದಳು. ನಾನು ಓಡಲಿಲ್ಲ. ಒಂದೇ ಏಟು. ನನ್ನ ದವಡೆ ಒಂದು ಕಡೆಗೆ ಹೋಯಿತು, ಎರಡು ಹಲ್ಲು ಅಲ್ಲೇ ಚೆಲ್ಲಿದ ಕರಿಯಲ್ಲಿ ಬಿದ್ದವು. ಎರಡನೆಯ ಏಟಿಗೆ ಕೈ ಎತ್ತಿದಳು, ಇಳಿಸಿದಳು. ಹಲ್ಲಿನಿಂದ ಸೆರಗು ಹರಿದು ಪಾಲಿಶ್‌ನ ಕೈಗೆ ಸುತ್ತಿದಳು.

ಅದೇ ಆಸ್ಪತ್ರೆಗೆ ಹೋದೆವು, ಬೇರೆ ಆಸ್ಪತ್ರೆ ಹತ್ತಿರ ಇರಲಿಲ್ಲ. ನನ್ನ ದವಡೆಗೆ ತಂತಿ ಹಾಕಿದರು, ಅವಳ ಭುಜ ಕಟ್ಟಿದರು. ಪಾಲಿಶ್‌ಗೆ ಬಾಮೈದನ ಎದುರಿನ ಹಾಸಿಗೆ ಸಿಕ್ಕಿತು. ಪೊಲೀಸರು ಬಂದು ಬಾಗಿಲಲ್ಲಿ ಕೂತರು. ಅವರನ್ನು ಐದು ನಿಮಿಷ ಕೇಳಿಕೊಂಡು ಅವಳು ತಮ್ಮನ ಹತ್ತಿರ ಬಂದಳು.

"ಅದು ನಮ್ಮಂಗಡಿ ಟೈರೇ ಕಣೋ," ಅಂದಳು. "ನಾನು ಮರೆತದ್ದು, ಇವರು ಕೊಟ್ಟದ್ದು. ಇವನದ್ದೇನೂ ಇಲ್ಲ ಅದರಲ್ಲಿ. ನೀನು ಯಾಕಾದ್ರೂ ಇವನ ಹೆಸರು ಹೇಳಿದೆ?"

ಎದುರಿನ ಹಾಸಿಗೆಯಿಂದ ಪಾಲಿಶ್ ಮಾತಾಡಿದ. ದನಿಯಲ್ಲಿ ಕೋಪ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಅವನು ನಿಜವಾಗ್ಲೂ ನನ್ನ ಹತ್ರ ತಗೊಂಡಿದ್ರೆ ಆ ಕಾಲು ಇರ್ತಿತ್ತು ಅಕ್ಕ. ನಾನು ಕಳ್ಳ ಅಂತ ಊರಿಗೆಲ್ಲ ಗೊತ್ತು. ನನ್ನ ಟೈರನ್ನ ಹತ್ತು ಸಲ ತಿರುಗಿಸಿ, ಉಜ್ಜಿ, ಮೂಸಿ ನೋಡಿ ತಗೋತಾರೆ. ನಿನ್ನ ಅಂಗಡೀಲಿ ಯಾರೂ ನೋಡೋದೇ ಇಲ್ಲ."

ಅವಳು ತಮ್ಮನ ಹಾಸಿಗೆಯ ಮೇಲೆ, ಅವನ ಬಲಗಾಲು ಇರಬೇಕಾಗಿದ್ದ ಜಾಗದಲ್ಲಿ ಕೂತಳು.